ಶಿರಸಿಯಲ್ಲಿ ಎರಡು ದಿನ: ಪೇಟೆ ಸುತ್ತಾಟ, ತಿಂಡಿ-ಊಟ, ಏನು ಕೊಳ್ಳಬೇಕು? ತಿಳಿದವರು ಹೇಳಿ

ಜಯನಗರವಾಸಿ ಕೇಳಿದ್ದು:

ಜನವರಿ ಮೂರನೇ ವಾರ ಬೆಂಗಳೂರಿಂದ ಶಿರಸಿಗೆ ಬರುತ್ತಿದ್ದೇವೆ. ಒಟ್ಟು ಐದು ಜನ: ನಾವಿಬ್ಬರು, ವಯಸ್ಸಾದ ಅಪ್ಪ-ಅಮ್ಮ, ಹತ್ತು ವರ್ಷದ ಮಗಳು. ಅಮ್ಮನಿಗೆ ಮೊಣಕಾಲು ನೋವು, ಹಾಗಾಗಿ ಯಾಣದ ಬಂಡೆ, ಉಂಚಳ್ಳಿ ಜಲಪಾತ ಅಂತ ಹತ್ತಿಳಿಯುವ ಯೋಚನೆ ಇಲ್ಲ. ಪೇಟೆಯಲ್ಲಿ ನಿಧಾನಕ್ಕೆ ಓಡಾಡಬೇಕು, ಆ ಕಡೆಯ ತಿಂಡಿ ತಿನ್ನಬೇಕು, ಊರಿನವರ ಜೊತೆ ನಾಲ್ಕು ಮಾತಾಡಬೇಕು, ಮನೆಗೆ ಒಂದಿಷ್ಟು ಒಳ್ಳೆಯ ಪದಾರ್ಥ ತರಬೇಕು. ಇಷ್ಟೇ ಆಸೆ.

ತೊಡೆದೇವು (ಹಾಳೆಯಂಥ ತೆಳು ಸಿಹಿತಿಂಡಿ), ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಜೋನಿ ಬೆಲ್ಲ (ದ್ರವ ಬೆಲ್ಲ) ಇವುಗಳ ಹೆಸರು ಗೊತ್ತು, ಒಳ್ಳೆಯದನ್ನು ಆರಿಸುವುದು ಗೊತ್ತಿಲ್ಲ. ಹೋಟೆಲಿನಲ್ಲಿ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ತಂಬುಳಿ (ಮಜ್ಜಿಗೆ ಬೆರೆಸಿದ ತಣ್ಣನೆ ಸಾರು) ಸಿಗುತ್ತದೆಯೇ? ಅಡಿಕೆ ಮಂಡಿಯೊಳಗೆ ಹೊರಗಿನವರು ಹೋಗಿ ನೋಡಬಹುದೇ? ವಾಪಸ್ ರಾತ್ರಿ ಬಸ್ಸು. ಇದನ್ನೆಲ್ಲ ಒಡೆಯದೆ, ಸೋರದೆ ತರುವುದು ಹೇಗೆ?

ದೇವಿಕೆರೆ ದಂಡೆ:

ಜನವರಿ ಆರಿಸಿಕೊಂಡಿದ್ದು ಒಳ್ಳೆಯದಾಯಿತು. ಮಳೆ ಇಲ್ಲ, ಉಂಬಳ (ಜಿಗಣೆ) ಇಲ್ಲ, ಬೆಳಿಗ್ಗೆ ಚಳಿ, ಹಗಲು ಹದವಾದ ಬಿಸಿಲು. ಅಡಿಕೆ ಕೊಯ್ಲು ನಡೆಯುತ್ತಿರುತ್ತದೆ, ಆಲೆಮನೆ (ಕಬ್ಬು ಹಿಂಡಿ ಬೆಲ್ಲ ಮಾಡುವುದು) ಶುರುವಾಗಿರುತ್ತದೆ, ಹೊಸ ಕಾಳುಮೆಣಸು ಅಂಗಳಕ್ಕೆ ಬರುತ್ತಿರುತ್ತದೆ.

ಮೊದಲು ಬರುವ ದಾರಿ. ಶಿರಸಿಗೆ ರೈಲಿಲ್ಲ. ಬೆಂಗಳೂರಿಂದ ಸುಮಾರು 400 ಕಿ.ಮೀ., ರಾತ್ರಿ ಬಸ್ಸು ಬೆಳಗಿನ ಜಾವ ಇಳಿಸುತ್ತದೆ. ಹಿರಿಯರಿಗೆ ಮಲಗಿ ಬರುವುದೇ ಹಿತ ಅನ್ನಿಸಿದರೆ ತಾಳಗುಪ್ಪದವರೆಗೆ ರಾತ್ರಿ ರೈಲಿದೆ. ಅಲ್ಲಿಂದ ಸಿದ್ದಾಪುರದ ಮೇಲೆ ಐವತ್ತೈದು ಕಿಲೋಮೀಟರಿನಷ್ಟು ರಸ್ತೆ, ಬಸ್ಸು ಅಥವಾ ಟ್ಯಾಕ್ಸಿ. ಲಾಡ್ಜಿನವರಿಗೆ ಬೆಳಿಗ್ಗೆ ಬೇಗ ಬರುತ್ತೇವೆ ಅಂತ ಮೊದಲೇ ಹೇಳಿಡಿ. ಇಲ್ಲದಿದ್ದರೆ ಅಪ್ಪ-ಅಮ್ಮ ಬ್ಯಾಗು ಹಿಡಿದು ಕಾಯಬೇಕಾಗುತ್ತದೆ.

ಉಳಿಯುವುದಕ್ಕೆ ದೇವಿಕೆರೆ, ಸಿ.ಪಿ. ಬಜಾರ್ ಹತ್ತಿರದ ರೂಮು ಹಿಡಿಯಿರಿ. ಮಾರಿಕಾಂಬಾ ದೇವಸ್ಥಾನಕ್ಕೂ ಪೇಟೆಗೂ ಆಟೋ ಸಾಕು. ರಸ್ತೆಗಳು ಏರು-ಇಳಿವು, ನಕ್ಷೆಯಲ್ಲಿ ಹತ್ತಿರ ಕಂಡರೂ ಮೊಣಕಾಲು ನೋವಿನವರಿಗೆ ದಣಿವಾಗುತ್ತದೆ. ಬೆಳಿಗ್ಗೆ ಹತ್ತರಿಂದ ಒಂದೂವರೆ, ಸಂಜೆ ನಾಲ್ಕರಿಂದ ಎಂಟು, ಇವು ಪೇಟೆ ಸುತ್ತಲು ಸರಿಯಾದ ಹೊತ್ತು. ಮಧ್ಯಾಹ್ನ ಹಳೆಯ ಅಂಗಡಿಗಳಲ್ಲಿ ಕೆಲವರು ಊಟಕ್ಕೆ ಬಾಗಿಲು ಎಳೆಯುತ್ತಾರೆ. ಆಗ ನೀವೂ ಉಂಡು ಮಲಗಿ.

ಇನ್ನು ಹೋಟೆಲು. ಅಪ್ಪೆಹುಳಿ, ತಂಬುಳಿ, ಕೆಸುವಿನ ಸೊಪ್ಪಿನ ಕರಕಲಿ, ಹಶಿ (ಮೊಸರುಬಜ್ಜಿಯಂಥದ್ದು), ಇವೆಲ್ಲ ಇಲ್ಲಿ ಮನೆಯ ಅಡುಗೆ. ಪೇಟೆಯ ಹೋಟೆಲುಗಳ ಪಟ್ಟಿಯಲ್ಲಿ ಹುಡುಕಬೇಡಿ. ಹೋಟೆಲಿನಲ್ಲಿ ತಿನ್ನಬೇಕಾದ್ದು ಬೇರೆ: ಬೆಳಿಗ್ಗೆ ಬನ್ಸ್-ಭಾಜಿ, ಅವಲಕ್ಕಿ-ಮೊಸರು, ಸಂಜೆ ಗೋಳಿಬಜೆ, ಆಮೇಲೆ ಒಂದು ಕಷಾಯ (ಕೊತ್ತಂಬರಿ ಪುಡಿಗೆ ಬೆಲ್ಲ-ಹಾಲು ಹಾಕಿದ್ದು). ಬನ್ಸ್ ಎಂಟೂವರೆಯೊಳಗೆ ತಿನ್ನಬೇಕು. ಹಿಟ್ಟಿನಲ್ಲಿ ಬಾಳೆಹಣ್ಣು ಇರುವುದರಿಂದ ಎಣ್ಣೆಯಿಂದ ತೆಗೆದಾಗ ಉಬ್ಬಿ ಮೆತ್ತಗಿರುತ್ತದೆ, ಆರಿದ ಮೇಲೆ ಜಗಿಯುವ ಹಾಗಾಗುತ್ತದೆ. "ಈಗ ಬಿಟ್ಟಿದ್ದು ಇದೆಯಾ?" ಅಂತ ಕೇಳಿ. ಇಲ್ಲ ಅಂದರೆ ಐದು ನಿಮಿಷ ಕಾಯುವುದೇ ಲೇಸು.

ಮನೆಯೂಟಕ್ಕೆ ಹತ್ತು-ಹದಿನೈದು ಕಿ.ಮೀ. ಸುತ್ತಿನ ಯಾವುದಾದರೂ ಹೋಂಸ್ಟೇಗೆ ಹಿಂದಿನ ದಿನವೇ ಫೋನು ಮಾಡಿ, ಉಳಿಯುವುದಿಲ್ಲ, ಮಧ್ಯಾಹ್ನದ ಊಟಕ್ಕೆ ಐದು ಜನ ಬರುತ್ತೇವೆ ಅನ್ನಿ. ಸಾಕಷ್ಟು ಕಡೆ ಒಪ್ಪುತ್ತಾರೆ. ಅವತ್ತೇ ಬೆಳಿಗ್ಗೆ ಹೇಳಿದರೆ ಆಗುವುದಿಲ್ಲ: ಸೊಪ್ಪು ತೋಟದಿಂದ ಬರಬೇಕು, ಕಡುಬಿನ ಹಿಟ್ಟು ರಾತ್ರಿ ನೆನೆಯಬೇಕು. ಜನವರಿಯಲ್ಲಿ ಹಸಿ ಮಾವು ಇರುವುದಿಲ್ಲವಾದ್ದರಿಂದ ಅಪ್ಪೆಹುಳಿಗೆ ಉಪ್ಪುನೀರಿನಲ್ಲಿ ಹಾಕಿಟ್ಟ ಮಾವಿನಕಾಯಿಯನ್ನೋ ಕಂಚಿಕಾಯಿಯನ್ನೋ ಬಳಸುತ್ತಾರೆ. ಅದನ್ನು ಅನ್ನಕ್ಕೆ ಕಲಸಬೇಕು ಅಂತೇನಿಲ್ಲ, ಲೋಟದಲ್ಲಿ ಕೇಳಿ ಕುಡಿಯಿರಿ. ಇಂಗು-ಸೂಜಿಮೆಣಸಿನ ಒಗ್ಗರಣೆ ಇರುತ್ತದೆ. ಮಗಳಿಗೆ ಖಾರ ಬೇಡವಾದರೆ ಒಗ್ಗರಣೆಗೆ ಮೊದಲೇ ಒಂದು ಲೋಟ ತೆಗೆದಿಡಲು ಹೇಳಿ. ಕುಡಿದ ಮೇಲೆ ನಿದ್ದೆ ಬರುತ್ತದೆ ಅನ್ನುವುದು ಇಲ್ಲಿ ಎಲ್ಲರ ಮಾತು, ಹಾಗಾಗಿ ಊಟದ ನಂತರ ದೂರದ ಓಡಾಟ ಇಟ್ಟುಕೊಳ್ಳಬೇಡಿ.

ಗಾಣದ ಎತ್ತು:

ತೊಡೆದೇವಿನ ಬಗ್ಗೆ ನಾನು ಹೇಳುತ್ತೇನೆ. ಪ್ಯಾಕೆಟ್ಟಿನಲ್ಲಿ ಕೊಂಡು ತಿಂದರೆ ಅದರ ಅರ್ಧ ಸೊಗಸು ತಪ್ಪಿಹೋಗುತ್ತದೆ. ಮಾಡುವುದನ್ನು ನೋಡಬೇಕು, ನಿಮ್ಮ ಮಗಳಂತೂ ಅಲ್ಲಿಂದ ಏಳುವುದಿಲ್ಲ.

ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನ ಜೊತೆ ನುಣ್ಣಗೆ ರುಬ್ಬಿ ಹಾಲಿನಷ್ಟೇ ತೆಳ್ಳಗೆ ಮಾಡಿಕೊಳ್ಳುತ್ತಾರೆ. ದೊಡ್ಡ ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ ಒಳಗಿಂದ ಕಟ್ಟಿಗೆಯ ಬೆಂಕಿ ಕೊಡುತ್ತಾರೆ. ಕೋಲಿಗೆ ಸುತ್ತಿದ ಬಿಳಿ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ, ಗಡಿಗೆಯ ಮೈಮೇಲೆ ಒಂದೇ ಎಳೆತಕ್ಕೆ ಬಳಿಯುತ್ತಾರೆ. ಕ್ಷಣಮಾತ್ರದಲ್ಲಿ ಆಚೆ ಕಾಣುವಷ್ಟು ತೆಳುವಾದ ಹಾಳೆ ಅಂಚು ಬಿಡುತ್ತದೆ. ಬಿಸಿ ಇರುವಾಗಲೇ ಎಬ್ಬಿಸಿ ತ್ರಿಕೋನವಾಗಿ ಮಡಚಬೇಕು. ಹತ್ತು ಎಣಿಸುವಷ್ಟು ತಡವಾದರೂ ಗರಿಗಟ್ಟಿ ಮಡಿಕೆಯಲ್ಲಿ ಮುರಿಯುತ್ತದೆ.

ಇದರಲ್ಲಿ ಕೆಡುವುದು ಹೆಚ್ಚಾಗಿ ಬೆಂಕಿಯ ಹದ. ಗಡಿಗೆ ಅತಿಯಾಗಿ ಕಾದರೆ ಹಿಟ್ಟು ಗುಳ್ಳೆ ಎದ್ದು ತೂತಾಗುತ್ತದೆ, ಬೆಲ್ಲದಂಶ ಸುಟ್ಟು ಕಹಿ ಬರುತ್ತದೆ. ಕಾಯದಿದ್ದರೆ ಅಂಟಿಕೊಂಡು ಏಳುವುದೇ ಇಲ್ಲ. ಕಬ್ಬಿನ ಹಾಲು ಹಿಂಡಿ ಹೊತ್ತಾಗಿದ್ದರೆ ಹುಳಿ ವಾಸನೆ ಬರುತ್ತದೆ. ಆಲೆಮನೆ ದಿನಗಳಲ್ಲಿ ಮಾಡಿದ್ದಕ್ಕೂ ಉಳಿದ ಕಾಲದಲ್ಲಿ ಬೆಲ್ಲದ ನೀರಿನಲ್ಲಿ ಮಾಡಿದ್ದಕ್ಕೂ ರುಚಿಯಲ್ಲಿ ವ್ಯತ್ಯಾಸ ಇದೆ. ಅಂಗಡಿಯಲ್ಲಿ "ಕಬ್ಬಿನ ಹಾಲಿಂದಾ, ಬೆಲ್ಲದ್ದಾ?" ಅಂತ ನೇರವಾಗಿ ಕೇಳಬಹುದು, ಬೇಸರ ಮಾಡಿಕೊಳ್ಳುವುದಿಲ್ಲ. ಜನವರಿ ಕೊನೆಯಿಂದ ಮಾರ್ಚಿನವರೆಗೆ ಸುತ್ತಲಿನ ಹಳ್ಳಿಗಳಲ್ಲಿ ಆಲೆಮನೆ ಹಬ್ಬ ಅಂತ ಸಂಜೆ ಕಾರ್ಯಕ್ರಮ ಇಡುತ್ತಾರೆ. ಎಲ್ಲಿ, ಯಾವತ್ತು ಅನ್ನುವುದು ಸಹಕಾರಿ ಸಂಘದ ಗೋಡೆಯಲ್ಲೋ ಸ್ಥಳೀಯ ಪತ್ರಿಕೆಯಲ್ಲೋ ಸಿಗುತ್ತದೆ, ಆಟೋದವರಿಗೂ ಗೊತ್ತಿರುತ್ತದೆ. ಅಲ್ಲಿ ಕಬ್ಬಿನ ಹಾಲಿಗೆ ಶುಂಠಿ-ಲಿಂಬು ಹಾಕಿಸಿಕೊಳ್ಳಿ, ಮಂಡಕ್ಕಿ-ಮಿರ್ಚಿ ಜೊತೆಗಿರಲಿ. ಕೊಪ್ಪರಿಗೆಯ ಮೇಲೆ ಏಳುವ ನೊರೆಬೆಲ್ಲ ಒಂದು ಚಮಚ ಕೊಡಿ ಅಂದರೆ ಬಾಳೆ ಎಲೆಯ ತುಂಡಿನ ಮೇಲೆ ಹಾಕಿಕೊಡುತ್ತಾರೆ. ಮಗುವನ್ನು ಮಾತ್ರ ಕೊಪ್ಪರಿಗೆಯ ಬಳಿ ಬಿಡಬೇಡಿ, ಕುದಿವ ಪಾಕ ಸಿಡಿಯುತ್ತದೆ.

ತೊಡೆದೇವು ಕೊಳ್ಳುವಾಗ ಪ್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಣಗಿದ ಎಲೆಯ ಸದ್ದು ಬಂದರೆ ಸರಿ. ಮೆತ್ತಗಾಗಿದ್ದರೂ ಕೆಟ್ಟಿದೆ ಅಂತಲ್ಲ, ಬೆಲ್ಲದಂಶ ಗಾಳಿಯ ತೇವ ಎಳೆದುಕೊಂಡಿರುತ್ತದೆ ಅಷ್ಟೇ. ಮನೆಯಲ್ಲಿ ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಎರಡೂ ಬದಿ ಬಿಸಿ ಮಾಡಿ, ತಟ್ಟೆಯಲ್ಲಿ ಆರಲು ಬಿಡಿ. ಆರಿದ ಮೇಲೆಯೇ ಗರಿಗರಿ ಆಗುವುದು, ಕಾವಲಿಯ ಮೇಲಿರುವಾಗಲೇ ಆಗಲಿ ಅಂತ ಕಾದರೆ ಸುಡುತ್ತದೆ. ತಿನ್ನುವಾಗ ತುಪ್ಪ, ಮೇಲೆ ಬಿಸಿ ಹಾಲು. ಹಾಲು ಬಾಯಿಗಿಡುವ ಹೊತ್ತಿಗೆ ಹಾಕಬೇಕು, ಮೊದಲೇ ಹಾಕಿದರೆ ಗಂಜಿಯಾಗುತ್ತದೆ.

ಜೋನಿ ಬೆಲ್ಲ: ಹೊಸತು ತೆಳ್ಳೇವಿಗೂ (ತೆಳು ದೋಸೆ) ದೋಸೆಗೂ ಹೇಳಿ ಮಾಡಿಸಿದ್ದು. ಡಬ್ಬಿ ಓರೆ ಮಾಡಿದಾಗ ಎಳೆ ಕಡಿಯದೆ ನಿಧಾನ ಹರಿಯಬೇಕು. ನೀರಿನ ಹಾಗೆ ಸುರಿದರೆ ಪಾಕ ಕಡಿಮೆ, ಬೇಗ ಹುದುಗು ಬರುತ್ತದೆ. ತಳದಲ್ಲಿ ಸಕ್ಕರೆಯಂಥ ಹರಳು ಕೂತಿದ್ದರೆ ಕಲಬೆರಕೆ ಅಂತ ಹೆದರಬೇಡಿ, ಇದ್ದೇ ಇರುತ್ತದೆ. ಅತಿಯಾಗಿ ತಿಳಿ ಹೊಂಬಣ್ಣ ಇರುವುದನ್ನು ಕಂಡರೆ ಏನು ಹಾಕಿ ಬಿಳಿ ಮಾಡಿದ್ದು ಅಂತ ಕೇಳಿ. ನಾನಾದರೆ ಸ್ವಲ್ಪ ಕಪ್ಪಗಿರುವುದನ್ನೇ ತೆಗೆದುಕೊಳ್ಳುತ್ತೇನೆ.

ಚಾಲಿ-ರಾಶಿ:

ಅಡಿಕೆ ವ್ಯಾಪಾರ ನೋಡಬಹುದು. ಇಲ್ಲಿಯದು ಸಹಕಾರಿ ಪದ್ಧತಿ. ಟಿ.ಎಸ್.ಎಸ್., ಅಂದರೆ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, 1923ರಲ್ಲಿ ಶುರುವಾದದ್ದು. ಟಿ.ಎಂ.ಎಸ್., ಕದಂಬ ಮಾರ್ಕೆಟಿಂಗ್ ಅನ್ನುವ ಸಹಕಾರಿ ಸಂಸ್ಥೆಗಳೂ ಇವೆ. ಭಾನುವಾರ ಬೇಡ, ಉಳಿದ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಬಾಗಿಲಲ್ಲಿ ಯಾರಾದರೂ ಸಿಬ್ಬಂದಿಗೆ "ಬೆಂಗಳೂರಿಂದ ಬಂದಿದೀವಿ, ಅಡಿಕೆ ನೋಡಬಹುದಾ?" ಅಂತ ಕೇಳಿ ಒಳಗೆ ಹೋಗಿ. ಕೇಳದೆ ನುಗ್ಗಿ ಫೋಟೊ ತೆಗೆಯಬೇಡಿ. ಅಲ್ಲಿರುವುದು ಯಾರದ್ದೋ ವರ್ಷದ ದುಡಿಮೆ.

ನಡೆಯುವುದು ಹೀಗೆ. ರೈತ ತಂದ ಮಾಲು ಲಾಟ್ ನಂಬರಿನಲ್ಲಿ ಚೀಲವಾಗಿಯೋ ರಾಶಿಯಾಗಿಯೋ ಕೂತಿರುತ್ತದೆ. ವ್ಯಾಪಾರಿಗಳು ಕೈಯಲ್ಲಿ ಹಿಡಿದು, ಒಡೆದು, ಒಳಗಿನ ಬಣ್ಣ ನೋಡಿ ಕ್ವಿಂಟಾಲಿಗೆ ಇಷ್ಟು ಅಂತ ಟೆಂಡರ್ ಹಾಕುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಮೇಲೆ ಹೆಚ್ಚಿನ ದರ ಪ್ರಕಟ. ದರ ಒಪ್ಪಿಗೆಯಾಗದಿದ್ದರೆ ರೈತ ಕೊಡದೆ ಇಟ್ಟುಕೊಳ್ಳಬಹುದು.

ಎರಡು ಜಾತಿ ಗುರುತಿಸಿದರೆ ಸಾಕು. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಆರೇಳು ವಾರ ಬಿಸಿಲಿಗೆ ಒಣಗಿಸಿ ಸುಲಿದದ್ದು ಚಾಲಿ, ಬೆಳ್ಳಗಿರುತ್ತದೆ. ಹಸಿರು ಕಾಯಿಯನ್ನೇ ಸುಲಿದು, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿದ ಕೆಂಪು ನೀರು) ಬೇಯಿಸಿ ಒಣಗಿಸಿದ ಕೆಂಪಡಿಕೆ ರಾಶಿ. ಚಾಲಿ ಒಣಗುವಾಗ ಮಳೆ ಹನಿದರೆ ಒಳಗೆ ಕಪ್ಪು ಬಂದು ದರ ಬಿದ್ದುಹೋಗುತ್ತದೆ, ಅದಕ್ಕೇ ಜನವರಿಯ ಮೋಡ ಕಂಡರೆ ಇಲ್ಲಿ ಎಲ್ಲರ ಮುಖ ಬಾಡುವುದು. ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ.

ಮಾತಿಗೆ ಎಳೆ ಬೇಕಾದರೆ "ಇವತ್ತು ರಾಶಿ ಎಷ್ಟಕ್ಕೆ ಹೋಯ್ತು?" ಅನ್ನಿ. ಇದೊಂದು ಪ್ರಶ್ನೆಗೆ ಶಿರಸಿಯಲ್ಲಿ ಯಾರೂ ಚುಟುಕಾಗಿ ಉತ್ತರ ಕೊಡುವುದಿಲ್ಲ. ಹಾಗೆಯೇ ಮಾತು ಬೆಳೆದು ತೋಟಕ್ಕೆ ಬನ್ನಿ ಅಂತ ಕರೆದರೆ ಬಾಯಿಮಾತಿನ ಕರೆಯಲ್ಲ, ನಿಜವಾಗಿಯೇ ಕರೆಯುವುದು. ಮನೆಗೆ ಹೋದ ಕೂಡಲೇ "ಆಸ್ರಿಗೆ ಎಂತ ಬೇಕು?" ಅಂತ ಕೇಳುತ್ತಾರೆ, ಕುಡಿಯಲು ಏನು ಕೊಡಲಿ ಅಂತ ಅರ್ಥ. ಏನೂ ಬೇಡ ಅನ್ನಬೇಡಿ, ಮನೆಯವರಿಗೆ ಸಮಾಧಾನ ಆಗುವುದಿಲ್ಲ. ಮಜ್ಜಿಗೆ ಅಂದರೂ ಸಾಕು. ಆಮೇಲೆ ಕವಳದ ತಟ್ಟೆ ಬರುತ್ತದೆ. ಎಲೆ-ಅಡಿಕೆ ಅಭ್ಯಾಸ ಇಲ್ಲದಿದ್ದರೆ "ಕವಳ ಹಾಕುವುದಿಲ್ಲ" ಅಂದರೆ ಒತ್ತಾಯವಿಲ್ಲ. ಅಂಗಳದ ಅಡಿಕೆ ಹರವಿನ ಮೇಲೆ ಚಪ್ಪಲಿ ಕಾಲಿಡಬೇಡಿ, ಬದಿಯಿಂದ ಸುತ್ತಿ ಬನ್ನಿ. ಸಂಜೆ ಹೋದರೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು ನೋಡಲು ಸಿಗುತ್ತದೆ. ಕತ್ತಿ ನಿಂತಲ್ಲೇ ಇರುತ್ತದೆ, ಕಾಯಿಯನ್ನು ಅದರ ಮೇಲೆ ಒತ್ತಿ ತಿರುವುತ್ತಾರೆ. ಸುಲಿಯುವವರಿಗೆ ಅಳತೆಯ ಮೇಲೆ ಕೂಲಿ, ಮಾತಾಡಿಸುತ್ತಾ ಅವರ ಕೆಲಸ ನಿಲ್ಲಿಸುವುದು ಸರಿಯಲ್ಲ.

ಜಯನಗರವಾಸಿ:

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪ ಮಂಡಿ ನೋಡಲೇಬೇಕು ಅನ್ನುತ್ತಿದ್ದಾರೆ. ಇನ್ನೆರಡು ಪ್ರಶ್ನೆ: ಜನವರಿಯಲ್ಲಿ ಅಪ್ಪೆಮಿಡಿ ಸಿಗುತ್ತದೆಯೇ? ಜೇನುತುಪ್ಪ ನಂಬಿ ತರಬಹುದೇ? ಕಷಾಯದ ಪುಡಿಯನ್ನೂ ತರುವ ಯೋಚನೆ ಇದೆ.

ಭರಣಿ:

ಹಸಿ ಮಿಡಿ ಸಿಗುವುದಿಲ್ಲ, ಅದರ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್. ಜನವರಿಯಲ್ಲಿ ಸಿಗುವುದು ಹೋದ ವರ್ಷ ಹಾಕಿದ ಉಪ್ಪಿನಕಾಯಿ, ಅಥವಾ ಉಪ್ಪುನೀರಿನಲ್ಲೇ ಇರುವ ಮಿಡಿ. ಎರಡನೆಯದೇ ತನ್ನಿ ಅನ್ನುತ್ತೇನೆ, ಖಾರ ನಿಮ್ಮ ಮನೆಯ ಹದಕ್ಕೆ ಕಲಸಿಕೊಳ್ಳಬಹುದು.

ಆರಿಸುವಾಗ ತೊಟ್ಟು ನೋಡಿ. ಮರ ಹತ್ತಿ ಗೊಂಚಲು ಇಳಿಸಿ ಬಿಡಿಸಿದ ಮಿಡಿಯಲ್ಲಿ ತೊಟ್ಟು ಉಳಿದಿರುತ್ತದೆ. ಕೊಂಬೆ ಅಲ್ಲಾಡಿಸಿ ಉದುರಿಸಿದ್ದಕ್ಕೆ ಪೆಟ್ಟು ಬಿದ್ದು, ತೊಟ್ಟು ಕಳಚಿ, ಸೊನೆ ಹೋಗಿರುತ್ತದೆ. ಪರಿಮಳ ಇರುವುದೇ ಸೊನೆಯಲ್ಲಿ, ಪೆಟ್ಟಾದ ಕಾಯಿ ಭರಣಿಯಲ್ಲಿ ಮೆತ್ತಗಾಗಿ ಪಕ್ಕದ ಮಿಡಿಗಳನ್ನೂ ಕೆಡಿಸುತ್ತದೆ. ಒಂದನ್ನು ಒತ್ತಿದರೆ ಗಟ್ಟಿ ಇರಬೇಕು, ಮೈ ಸುಕ್ಕುಗಟ್ಟಿರಬೇಕು, ಕಚ್ಚಿದರೆ ಕಟುಂ ಅನ್ನಬೇಕು. ಸಾಧಾರಣ ಲೆಕ್ಕ ನಾಲ್ಕು ಪಾವು ಮಿಡಿಗೆ ಒಂದು ಪಾವು ಕಲ್ಲುಪ್ಪು. ಉಪ್ಪು ಕಡಿಮೆ ಮಾಡಿದವರ ಭರಣಿಯಲ್ಲಿ ಮೇಲೆ ಬಿಳಿ ಪದರ ಕಟ್ಟಿರುತ್ತದೆ, ಅಂಥದ್ದು ಬಿಡಿ. ಮನೆಯಲ್ಲಿ ಖಾರ ಕಲಸುವಾಗ ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ-ಮೆಣಸು ಅದರಲ್ಲೇ ರುಬ್ಬಿ. ಬಿಸಿ ಇರುವಾಗ ಹಾಕಿದರೆ ಮಿಡಿ ಬೆಂದು ಮೆತ್ತಗಾಗುತ್ತದೆ. ಎಣ್ಣೆ ಬೇಕಿಲ್ಲ. ಒದ್ದೆ ಚಮಚ ಹಾಕಿದರೆ ಬೂಸ್ಟು ಖಂಡಿತ.

ಜೇನು: ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನು ಸಹಕಾರಿ ಮಳಿಗೆಗಳಲ್ಲಿ ಸಿಗುತ್ತದೆ. ಹೆಪ್ಪುಗಟ್ಟಿದ್ದು ಕಲಬೆರಕೆ ಅನ್ನುವ ನಂಬಿಕೆ ಬಿಡಿ. ಬೆಂಕಿಕಡ್ಡಿಯನ್ನು ಜೇನಿಗೆ ಅದ್ದಿ ಹಚ್ಚುವ ಪರೀಕ್ಷೆಯೂ ನಂಬಲಾಗದು. ನೋಡಬೇಕಾದ್ದು ಹುದುಗು: ಮುಚ್ಚಳ ತೆರೆದಾಗ ಬುಸ್ ಅಂದು ನೊರೆ ಎದ್ದರೆ, ಹುಳಿ ವಾಸನೆ ಬಂದರೆ, ತೇವ ಹೆಚ್ಚಿರುವಾಗಲೇ ತೆಗೆದದ್ದು. ಮಿಸರಿ (ಚುಚ್ಚದ ಸಣ್ಣ ಜೇನುನೊಣ) ಜೇನು ಅಂತ ಸಣ್ಣ ಬಾಟಲಿಯಲ್ಲಿ ಹುಳಿ-ಸಿಹಿ ರುಚಿಯದ್ದು ಬರುತ್ತದೆ, ಇಳುವರಿ ತೀರ ಕಡಿಮೆಯಾದ್ದರಿಂದ ಬೆಲೆ ಹೆಚ್ಚು. ಅದು ಅಗ್ಗಕ್ಕೆ ಸಿಕ್ಕಿದರೆ ಅನುಮಾನ ಪಡಿ.

ಕಷಾಯದ ಪುಡಿ ಕೊಳ್ಳುವಾಗ ತಯಾರಿಸಿದ ತಿಂಗಳು ನೋಡಿ, ಹಳತಾದರೆ ಕೊತ್ತಂಬರಿಯ ಘಮ ಹೋಗಿ ಬರೀ ಹೊಟ್ಟಿನ ರುಚಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಎರಡು-ಮೂರು ನಿಮಿಷ ಕುದಿಸಿ ಬೆಲ್ಲ ಕರಗಿಸಿ, ಉರಿ ಆರಿಸಿ, ಆಮೇಲೆ ಕಾಯಿಸಿದ ಹಾಲು. ಬೆಲ್ಲ-ಹಾಲು ಒಟ್ಟಿಗೆ ಕುದಿಸಿದರೆ ಒಡೆಯುತ್ತದೆ.

ಕಾಳುಮೆಣಸು ಹೊಸದನ್ನು ತರುವುದಾದರೆ ಹಲ್ಲಲ್ಲಿ ಕಚ್ಚಿ. ಚಟ್ ಅಂತ ಒಡೆದರೆ ಒಣಗಿದೆ, ಅಂಟಿದ ಹಾಗಾದರೆ ಡಬ್ಬಿಯಲ್ಲಿ ಬೂಸ್ಟು ಬರುತ್ತದೆ. ಒಂದು ಹಿಡಿ ನೀರಿಗೆ ಹಾಕಿ ನೋಡಿದರೆ ಜೊಳ್ಳು ತೇಲುತ್ತದೆ. ಸುಕೇಳಿ (ಒಣಗಿಸಿದ ಬಾಳೆಹಣ್ಣು) ಮರೆಯಬೇಡಿ, ಬಸ್ಸಿನಲ್ಲಿ ಮಗುವಿಗೆ ಕೊಡಲು ಅದಕ್ಕಿಂತ ಒಳ್ಳೆಯದಿಲ್ಲ. ಮುರುಗಲಿನ (ಪುನರ್ಪುಳಿ, ಕೋಕಂ) ಒಣಸಿಪ್ಪೆ ಮೆತ್ತಗೆ ಬಾಗಬೇಕು, ಕಟ್ಟಿಗೆಯಂತಾಗಿದ್ದರೆ ಹಿಂದಿನ ಹಿಂದಿನ ವರ್ಷದ್ದು. ಅಮ್ಮನ ಹಿಮ್ಮಡಿ ಒಡೆದಿದ್ದರೆ ಹಚ್ಚಲು ಮುರುಗಲ ತುಪ್ಪದ ಒಂದು ಉಂಡೆಯೂ ಇರಲಿ.

ಬೇಡರ ವೇಷ:

ಮೇಲಿನವರು ಹೋಟೆಲನ್ನು ಸ್ವಲ್ಪ ಬೇಗ ಬದಿಗಿಟ್ಟರು ಅನ್ನಿಸಿತು. ತಂಬುಳಿ ಪಟ್ಟಿಯಲ್ಲಿ ಇರುವುದಿಲ್ಲ ನಿಜ, ಆದರೆ ಸಣ್ಣ ಖಾನಾವಳಿಗಳಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ "ಇವತ್ತು ತಂಬ್ಳಿ ಮಾಡಿದ್ರಾ?" ಅಂತ ಕೇಳಿದರೆ ಒಂದೆಲಗದ್ದೋ ಶುಂಠಿಯದ್ದೋ ಬಟ್ಟಲಲ್ಲಿ ಬರುವುದುಂಟು. ಎರಡು ಗಂಟೆಗೆ ಹೋದರೆ ಖಾಲಿ.

ಮಾರಿಕಾಂಬಾ ದೇವಸ್ಥಾನಕ್ಕೆ ಮಂಗಳವಾರ, ಶುಕ್ರವಾರ ಬಿಟ್ಟು ಹೋಗಿ, ಅಮ್ಮ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ. 1688ರ ದೇವಸ್ಥಾನ. ದರ್ಶನ ಆದ ಮೇಲೆ ಗೋಡೆಯ ಕಾವಿ ಚಿತ್ರ ನೋಡದೆ ಹೊರಡಬೇಡಿ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣು ಬಳಿದು, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳುಪು ಕಾಣುವಂತೆ ಬಿಡಿಸಿದ ಗೆರೆಗಳು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ನಿಮಗೆ ಆ ತೊಂದರೆ ಇಲ್ಲ.

ಗುಡಿಗಾರರ (ಕೆತ್ತನೆಯ ಕಸುಬಿನವರು) ಕೆಲಸದಲ್ಲಿ ಬೆಂಡಿನ (ಗಿಡದ ಹಗುರ ತಿರುಳು) ಬಾಸಿಂಗ, ಬೆಂಡಿನ ಹೂವು ಕೇಳಿ. ಹಗುರ, ಮಗಳಿಗೆ ಇಷ್ಟವಾಗುತ್ತದೆ. ಒತ್ತಿದರೆ ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ, ಶೂ ಡಬ್ಬಿಯಲ್ಲಿ ಬೇರೆಯಾಗಿ ತನ್ನಿ. ಗಂಧದ ಕೆತ್ತನೆ ಕೊಂಡರೆ ಬಿಲ್ಲು ಕೇಳಿ ಪಡೆಯಿರಿ. ಎರಡನೇ ದಿನ ಅರ್ಧ ಹೊತ್ತು ಉಳಿದರೆ ಬನವಾಸಿ, ಇಪ್ಪತ್ತನಾಲ್ಕು ಕಿ.ಮೀ. ಒಳಗೇ. ಮಧುಕೇಶ್ವರ ದೇವಸ್ಥಾನದಲ್ಲಿ ಹತ್ತುವುದು ಹೆಚ್ಚಿಲ್ಲ, ಅಮ್ಮನಿಗೂ ಆದೀತು. ಹೊಳೆಯ ಬಂಡೆಗಳಲ್ಲಿ ಲಿಂಗ ಕೆತ್ತಿರುವ ಸಹಸ್ರಲಿಂಗಕ್ಕೆ ಮಾತ್ರ ಅವರನ್ನು ಕರೆದೊಯ್ಯಬೇಡಿ, ಮೆಟ್ಟಿಲಿಳಿದು ಬಂಡೆಗಳ ಮೇಲೆ ನಡೆಯಬೇಕು. ಆಟೋ ಮಾಡುವಾಗ ಹೋಗಿ ಬರುವುದು, ಕಾಯುವುದು ಎಲ್ಲ ಸೇರಿ ಎಷ್ಟು ಅಂತ ಹತ್ತುವ ಮೊದಲೇ ಮಾತಾಡಿ. ಯಕ್ಷಗಾನದ ಕಾಲವೂ ಹೌದು. ಆಟ ಎಲ್ಲಿದೆ ಅಂತ ಕೇಳಿ, ಸಂಜೆ ಬೇಗ ಶುರುವಾಗಿ ಬೇಗ ಮುಗಿಯುವಂಥದ್ದು ಸಿಕ್ಕರೆ ಬಿಡಬೇಡಿ.

ಭರಣಿ:

ಪ್ಯಾಕಿಂಗ್ ಹೇಳುವುದು ಬಿಟ್ಟಿತ್ತು. ತೊಡೆದೇವಿಗೆ ಮನೆಯಿಂದಲೇ ಒಂದು ಅಗಲದ ಸ್ಟೀಲ್ ಡಬ್ಬ ತನ್ನಿ. ತಳಕ್ಕೂ ಮೇಲಕ್ಕೂ ಉಂಡೆ ಮಾಡಿದ ಕಾಗದ ಹಾಕಿ, ಒಳಗೆ ಅಲ್ಲಾಡಲು ಜಾಗ ಉಳಿಯಬಾರದು. ರಸ್ತೆಯ ಕುಲುಕಾಟಕ್ಕೆ ಪ್ಯಾಕೆಟ್ಟಿನಲ್ಲಿದ್ದದ್ದು ಪುಡಿಯಾಗುತ್ತದೆ. ಉಪ್ಪುನೀರಿನ ಮಿಡಿಯನ್ನು ಕಬ್ಬಿಣದ ಮುಚ್ಚಳದ ಬಾಟಲಿಗೆ ಹಾಕಿಸಬೇಡಿ, ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳ ಕೇಳಿ.

ಜೋನಿ ಬೆಲ್ಲದ ಡಬ್ಬಿಯಲ್ಲಿ ಮೇಲೆ ಎರಡು ಬೆರಳು ಖಾಲಿ ಬಿಡಿಸಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಹೊರಗಿನಿಂದ ಟೇಪು ಸುತ್ತಿ, ದಪ್ಪ ಚೀಲದಲ್ಲಿ ಕಟ್ಟಿ. ಬಸ್ಸಿನ ಡಿಕ್ಕಿಗೆ ಹಾಕಿದರೆ ಅಡ್ಡ ಬಿದ್ದು ರಾತ್ರಿಯಿಡೀ ಸೋರುತ್ತದೆ, ಬೇರೆಯವರ ಬ್ಯಾಗೂ ಅಂಟಾಗುತ್ತದೆ. ಸೀಟಿನ ಕೆಳಗೆ, ಕಾಲ ಹತ್ತಿರ, ನೆಟ್ಟಗೆ ಇಟ್ಟುಕೊಳ್ಳಿ. ಮನೆ ಮುಟ್ಟಿದ ದಿನವೇ ಒಣಗಿದ ಗಾಜಿನ ಭರಣಿಗೆ ಸುರಿದಿಡಿ.